ನೆಲೆಗಾಣದ ಹನ್ನೆರಡು ವಚನಗಳು

ಹಳೆಯ ಓಲೆಗರಿಗಳನ್ನು ಎದುರಿಗಿಟ್ಟುಕೊಂಡು ಪಾಠನಿರ್ಣಯ ಮಾಡುವ ವಿದ್ಯೆಯನ್ನು ವಿದ್ಯಾರ್ಥಿಗಳಿಗೆ ಕಲಿಸುವಾಗ ನಾನು ಮೊದಲು ಹೇಳುವ ಮಾತೊಂದುಂಟು: ಲಿಪಿಕಾರನು ಬಿಡುವುದಕ್ಕಿಂತ ಸೇರಿಸುವುದರಲ್ಲಿ ಹೆಚ್ಚು ಉದಾರಿ. ತನಗೆ ಪ್ರಿಯವಾದ ಪದ್ಯವೊಂದು ನಾಲಗೆಯ ಮೇಲಿದ್ದರೆ ಅದನ್ನು ಎಲ್ಲಿಯಾದರೂ ತುರುಕದೆ ಅವನಿಗೆ ಸಮಾಧಾನವಿಲ್ಲ. ಆದಕಾರಣ ಪ್ರಾಚೀನ ಪ್ರತಿಗಳಲ್ಲಿಲ್ಲದೆ ಈಚಿನ ಪ್ರತಿಗಳಲ್ಲಿ ಮಾತ್ರ ಕಾಣುವ ಭಾಗವನ್ನು ಪ್ರಕ್ಷಿಪ್ತವೆಂದು ಬಗೆದು ಕಂಸದಲ್ಲಿಡಬೇಕು, ಇಲ್ಲವೆ ಅಡಿಟಿಪ್ಪಣಿಗೆ ಇಳಿಸಬೇಕು. ಈ ನಿಯಮವನ್ನು ನಾನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಆದರೆ ಒಂದು ಕಡೆ ಅದನ್ನು ಅನ್ವಯಿಸಹೊರಟಾಗ ಕೈ ತಡೆಯುತ್ತದೆ. ಅದು ಕನ್ನಡದ ಗ್ರಂಥವಲ್ಲ. ಗ್ರೀಕಿನಲ್ಲಿ ರಚಿತವಾದ ಯೋಹಾನನ ಸುವಾರ್ತೆ. ಅದರ ಏಳನೆಯ ಅಧ್ಯಾಯದ ಕೊನೆಯ ವಚನದಿಂದ ಎಂಟನೆಯ ಅಧ್ಯಾಯದ ಹನ್ನೊಂದನೆಯ ವಚನದವರೆಗಿನ ಹನ್ನೆರಡು ವಚನಗಳು.

ಕಥೆ ವಾಚಕರಲ್ಲಿ ಬಹುಮಂದಿಗೆ ಪರಿಚಿತವಾದುದೇ. ಮುಂಜಾನೆ ಯೇಸು ಯೆರೂಸಲೇಮಿನ ದೇವಾಲಯದಲ್ಲಿ ಕುಳಿತು ಬೋಧಿಸುತ್ತಿದ್ದಾನೆ. ಶಾಸ್ತ್ರಿಗಳೂ ಫರಿಸಾಯರೂ ಹಾದರದಲ್ಲಿ ಸಿಕ್ಕಿಬಿದ್ದ ಹೆಂಗಸೊಬ್ಬಳನ್ನು ಎಳೆತಂದು ಎಲ್ಲರ ನಡುವೆ ನಿಲ್ಲಿಸುತ್ತಾರೆ. ಮೋಶೆಯ ಧರ್ಮಶಾಸ್ತ್ರದಂತೆ ಇಂಥವಳನ್ನು ಕಲ್ಲೆಸೆದು ಕೊಲ್ಲಬೇಕು, ನಿನ್ನ ಅಭಿಪ್ರಾಯವೇನು ಎಂದು ಕೇಳುತ್ತಾರೆ. ಕೊಲ್ಲಿರೆಂದರೆ ಪಾಪಿಗಳ ಮಿತ್ರನೆಂಬ ಹೆಸರು ಹೋಯಿತು, ಬಿಡಿರೆಂದರೆ ಶಾಸ್ತ್ರದ್ರೋಹಿಯಾದಂತಾಯಿತು. ಅವನು ಉತ್ತರ ಕೊಡದೆ ಬಾಗಿ ನೆಲದ ಮೇಲೆ ಬೆರಳಿನಿಂದ ಬರೆಯತೊಡಗುತ್ತಾನೆ. ಅವರು ಬಿಡದೆ ಪೀಡಿಸಿದಾಗ ತಲೆಯೆತ್ತಿ, ಪಾಪವಿಲ್ಲದವನು ಮೊದಲನೆಯ ಕಲ್ಲನ್ನು ಎಸೆಯಲೆಂದು ಹೇಳಿ ಮತ್ತೆ ಬಾಗುತ್ತಾನೆ. ಹಿರಿಯರಿಂದ ಮೊದಲ್ಗೊಂಡು ಒಬ್ಬೊಬ್ಬರಾಗಿ ಎಲ್ಲರೂ ಹೊರಟುಹೋಗುತ್ತಾರೆ. ಉಳಿದವರು ಅವನು ಮತ್ತು ಅವಳು. ತಾನೂ ಅವಳಿಗೆ ದಂಡನೆ ವಿಧಿಸುವುದಿಲ್ಲವೆಂದು, ಇನ್ನು ಮುಂದೆ ಪಾಪ ಮಾಡಬೇಡವೆಂದು ಹೇಳಿ ಕಳುಹಿಸುತ್ತಾನೆ.

ಯೇಸು ಬರೆದನೆಂದು ನಾಲ್ಕು ಸುವಾರ್ತೆಗಳಲ್ಲಿ ಹೇಳಿರುವುದು ಇದೊಂದೇ ಕಡೆ. ಏನು ಬರೆದನೆಂಬುದನ್ನು ಕಥೆಗಾರನು ಹೇಳಲಿಲ್ಲ. ಈ ಮೌನವನ್ನು ಸಹಿಸಲಾರದ ಯಾವನೋ ಲಿಪಿಕಾರನು, ಅಲ್ಲಿದ್ದ ಒಬ್ಬೊಬ್ಬನ ಪಾಪವನ್ನು ಬರೆದನೆಂದು ಸೇರಿಸಿದ್ದಾನೆ. ಕೆಲವು ಪ್ರತಿಗಳಲ್ಲಿ ಆ ಸೇರ್ಪಡೆ ಉಳಿದುಬಂದಿದೆ. ನಮ್ಮ ಟೀಕಾಕಾರರಿಗೂ ಈ ಚಾಪಲ್ಯ ಹೊಸದಲ್ಲ. ನನಗಾದರೋ ಅಕ್ಷರಗಳಿಗಿಂತ ಆ ಬಾಗುವಿಕೆಯೇ ಮುಖ್ಯವೆಂದು ತೋರುತ್ತದೆ. ನೆರೆದವರ ಕಣ್ಣುಗಳೆಲ್ಲ ಆ ಹೆಂಗಸಿನ ಮೇಲೆ ನೆಟ್ಟಿದ್ದಾಗ, ಒಬ್ಬನ ಕಣ್ಣಾದರೂ ನೆಲವನ್ನು ನೋಡುತ್ತಿದ್ದಿತು.

ಇನ್ನೊಂದು ಸಂಗತಿಯನ್ನು ಕಥೆ ಹೇಳದೆಯೇ ಹೇಳುತ್ತದೆ. ಯಾಜಕಕಾಂಡದ ಇಪ್ಪತ್ತನೆಯ ಅಧ್ಯಾಯವೂ ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯವೂ ಈ ಅಪರಾಧಕ್ಕೆ ಗಂಡು ಹೆಣ್ಣು ಇಬ್ಬರಿಗೂ ಮರಣದಂಡನೆಯನ್ನು ವಿಧಿಸುತ್ತವೆ. ಕೃತ್ಯದಲ್ಲಿಯೇ ಹಿಡಿದೆವೆಂದು ಹೇಳಿದವರು ಒಬ್ಬಳನ್ನು ಮಾತ್ರ ತಂದರು. ಆ ಗಂಡಸು ಎಲ್ಲಿ ಹೋದ? ಶಾಸ್ತ್ರವನ್ನು ಎತ್ತಿ ಹಿಡಿಯಬಂದವರ ಕೈಯಲ್ಲಿ ಶಾಸ್ತ್ರದ ಅರ್ಧ ಮಾತ್ರವಿದ್ದಿತು.

ಇದನ್ನು ಓದುವಾಗಲೆಲ್ಲ ನನಗೆ ಒಂದು ಕೋಣೆ ನೆನಪಾಗುತ್ತದೆ. ವೃತ್ತಿಗೆ ಸೇರಿದ ಹೊಸತರಲ್ಲಿ ನಾನಿದ್ದ ಕಾಲೇಜೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳ ನಡತೆಯನ್ನು ಕುರಿತು ವಿಚಾರಣೆ ನಡೆಯಿತು. ಮೇಜಿನ ಈಚೆಗೆ ನಾವು ಐವರು, ಆಚೆಗೆ ಅವಳೊಬ್ಬಳು. ಹುಡುಗನನ್ನು ಯಾರೂ ಕರೆಸಿರಲಿಲ್ಲ. ಐವರಲ್ಲಿ ಕಿರಿಯನಾದ ನಾನು, ಹಿರಿಯರು ಯಾರಾದರೂ ಆ ಮಾತೆತ್ತಿಯಾರೆಂದು ಕಾದೆ; ಯಾರೂ ಎತ್ತಲಿಲ್ಲ. ಕಾಗದ ನನ್ನ ಮುಂದೆ ಬಂದಾಗ ಸಹಿ ಮಾಡಿದೆ. ಮರುದಿನದಿಂದ ಅವಳು ಕಾಲೇಜಿಗೆ ಬರಲಿಲ್ಲ. ಸುವಾರ್ತೆಯ ಆ ಹಿರಿಯರನ್ನು ನಾವು ಕಪಟಿಗಳೆನ್ನುತ್ತೇವೆ, ನಿಜ. ಆದರೂ ಅವರು ಕಲ್ಲನ್ನು ಕೆಳಗಿಟ್ಟು ಎದ್ದುಹೋದರು.

ಪ್ರತಿಗಳ ವಿಷಯಕ್ಕೆ ಬರುತ್ತೇನೆ. ಯೋಹಾನನ ಸುವಾರ್ತೆಯ ಅತಿ ಪ್ರಾಚೀನವಾದ ಪಪೈರಸ್ ಪ್ರತಿಗಳಲ್ಲಿ ಈ ಕಥೆ ಇಲ್ಲ. ನಾಲ್ಕನೆಯ ಶತಮಾನದ ಸಿನೈ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿಯೂ ಇಲ್ಲ. ಇಂದು ಉಳಿದಿರುವ ಗ್ರೀಕ್ ಪ್ರತಿಗಳಲ್ಲಿ ಇದನ್ನು ಮೊದಲು ತೋರಿಸುವುದು ಸುಮಾರು ಐದನೆಯ ಶತಮಾನದ ಬೀಜಾ ಪ್ರತಿ. ಇದರ ಶೈಲಿಯೂ ಯೋಹಾನನದಲ್ಲ. ಶಾಸ್ತ್ರಿಗಳು ಎಂಬ ಶಬ್ದವಾಗಲಿ ಎಣ್ಣೆಮರಗಳ ಗುಡ್ಡದ ಹೆಸರಾಗಲಿ ಆ ಸುವಾರ್ತೆಯಲ್ಲಿ ಬೇರೆಲ್ಲಿಯೂ ಬರುವುದಿಲ್ಲ. ಮೂಲದಲ್ಲಿ ಇದು ಇರಲಿಲ್ಲವೆಂಬುದೇ ಬಹುಮಂದಿ ವಿದ್ವಾಂಸರ ನಿರ್ಣಯ. ನನ್ನ ವಿದ್ಯೆಯೂ ಅದನ್ನೇ ಹೇಳುತ್ತದೆ.

ಇಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಈ ಕಥೆ ಪ್ರತಿಯಿಂದ ಪ್ರತಿಗೆ ಅಲೆದಿದೆ. ಕೆಲವರು ಇದನ್ನು ಯೋಹಾನನ ಸುವಾರ್ತೆಯ ಕೊನೆಗೆ ಹಾಕಿದ್ದಾರೆ. ಇನ್ನು ಕೆಲವರು ಲೂಕನ ಸುವಾರ್ತೆಯ ಇಪ್ಪತ್ತೊಂದನೆಯ ಅಧ್ಯಾಯದ ಕಡೆಗೆ ಒಯ್ದಿದ್ದಾರೆ. ಹಲವು ಲಿಪಿಕಾರರು ಪಕ್ಕದಲ್ಲಿ ಸಂದೇಹದ ಚಿಹ್ನೆಯನ್ನು ಹಾಕಿ, ಆ ಮೇಲೆ ಒಂದಕ್ಷರವನ್ನೂ ಬಿಡದೆ ಪ್ರತಿ ಮಾಡಿದ್ದಾರೆ. ಎಲ್ಲಿಡಬೇಕೆಂಬುದು ಅವರಿಗೆ ತಿಳಿಯದು. ಹೊರಗೆ ಹಾಕಲೂ ಮನಸ್ಸಿಲ್ಲ.

ಐದನೆಯ ಶತಮಾನದ ಆದಿಯಲ್ಲಿ ಸಂತ ಆಗಸ್ಟೀನನು ಇದಕ್ಕೊಂದು ಕಾರಣ ಕೊಟ್ಟಿದ್ದಾನೆ: ಶ್ರದ್ಧೆ ಸಾಲದ ಕೆಲವರು, ಹೆಂಡಿರಿಗೆ ಪಾಪ ಮಾಡಲು ಧೈರ್ಯ ಬಂದೀತೆಂದು ಅಂಜಿ, ಈ ಭಾಗವನ್ನು ತಮ್ಮ ಪ್ರತಿಗಳಿಂದ ತೆಗೆದುಹಾಕಿದರಂತೆ. ಪ್ರಾಚೀನ ಪ್ರತಿಗಳಲ್ಲಿ ಕಥೆ ಇಲ್ಲದಿರುವುದಕ್ಕೆ ಇದೇ ಕಾರಣವೆಂದು ಇಂದಿನ ಸಂಪಾದಕರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ, ನಾನೂ ಒಪ್ಪಲಾರೆ. ಆದರೆ ಆ ಅಂಜಿಕೆ ಆಗಸ್ಟೀನನಿಗೆ ಸಹಜವಾಗಿ ಕಂಡಿತೆಂಬುದನ್ನು ಮರೆಯುವಂತಿಲ್ಲ. ಅವನ ಕಾಲದ ಗೃಹಸ್ಥರನ್ನು ಅವನು ಚೆನ್ನಾಗಿ ಬಲ್ಲವನು.

ಅದಕ್ಕಿಂತ ಹಿಂದೆ, ಮೂರನೆಯ ಶತಮಾನದಲ್ಲಿ, ಸಿರಿಯದ ಕಡೆ ಹುಟ್ಟಿದ ದಿದಸ್ಕಾಲಿಯ ಎಂಬ ಸಭಾನಿಯಮಗ್ರಂಥವೊಂದಿದೆ. ಪಾಪ ಮಾಡಿ ಪಶ್ಚಾತ್ತಾಪಪಟ್ಟು ಹಿಂದಿರುಗಿದವರಿಗೆ ಬಾಗಿಲು ಮುಚ್ಚುವ ಬಿಷಪರಿಗೆ ಅದು ಬುದ್ಧಿ ಹೇಳುತ್ತದೆ. ಆ ಸಂದರ್ಭದಲ್ಲಿ ಅದು ಮುಂದಿಡುವ ದೃಷ್ಟಾಂತ ಈ ಹೆಂಗಸಿನ ಕಥೆಯೇ. ಎಂದರೆ ಸುವಾರ್ತೆಯ ಪುಟದಲ್ಲಿ ಸ್ಥಾನ ಸ್ಥಿರವಾಗುವ ಮುನ್ನವೇ ಈ ಕಥೆ ಕೆಲಸ ಮಾಡುತ್ತಿದ್ದಿತು. ಹೊರಗೆ ನಿಂತವರನ್ನು ಒಳಗೆ ಕರೆತರುತ್ತಿದ್ದಿತು. ಬಿಜಾಂಟಿಯಂನ ಸಭೆಯವರು ಪಂಚಾಶತ್ತಮ ಹಬ್ಬದ ಪಾಠದಲ್ಲಿ ಈ ಹನ್ನೆರಡು ವಚನಗಳನ್ನು ದಾಟಿ ಮುಂದಕ್ಕೆ ಓದುತ್ತಿದ್ದರು. ಅಕ್ಟೋಬರ್ 8ರಂದು, ಸಂತ ಪೆಲಾಗಿಯಳ ದಿನ, ಇವನ್ನೇ ಓದುತ್ತಿದ್ದರು. ಐತಿಹ್ಯದಂತೆ ಆ ಪೆಲಾಗಿಯ ಅಂತಿಯೋಕ್ಯದ ನಟಿ, ಬೆಡಗಿನಿಂದ ಊರನ್ನೇ ಮರುಳು ಮಾಡಿ, ಕೊನೆಗೆ ತಪಸ್ವಿನಿಯಾದವಳು. ದೊಡ್ಡ ಹಬ್ಬದ ದಿನ ಹೊರಗುಳಿದ ಕಥೆಗೆ ಅವಳ ಮನೆಯಲ್ಲಿ ಎಡೆ ದೊರೆಯಿತು.

ಈ ವರ್ಷ ಪ್ರಕ್ಷೇಪದ ಪಾಠ ಮುಗಿಸುವಾಗ ಇದನ್ನು ಉದಾಹರಣೆಯಾಗಿ ಹೇಳಿದೆ. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು, “ತಾವು ಸಂಪಾದಕರಾಗಿದ್ದರೆ ಇದನ್ನು ಎಲ್ಲಿ ಇಡುತ್ತಿದ್ದಿರಿ, ಸರ್?” ಎಂದು ಕೇಳಿದಳು. ಕಂಸದಲ್ಲಿ, ಆದರೆ ಪುಟದ ಮೇಲೆಯೇ, ಉಳಿದ ವಚನಗಳಷ್ಟೇ ದಪ್ಪದ ಅಕ್ಷರಗಳಲ್ಲಿ ಎಂದೆ. ಅವಳು ತುಸು ಯೋಚಿಸಿ, “ಕಂಸ ಬೇಕೇ ಬೇಕೆ, ಸರ್?” ಎಂದಳು. ಬೇಕು, ಪ್ರತಿಗಳು ಹಾಗೆ ಹೇಳುತ್ತವೆ ಎಂದೆ. ಅವಳು ಕುಳಿತುಕೊಂಡಳು, ಒಪ್ಪಿದಂತೆ ಕಾಣಲಿಲ್ಲ.