ಸಂಘದ ಬೈಲಾದಲ್ಲಿ ನಾಯಕರ ಕುರ್ಚಿ

ಸಿರುಗುಪ್ಪದ ಅಕ್ಕಿ ಗಿರಣಿಗೆ ಭತ್ತದ ಲಾರಿ ಬಂದಾಗ ಒಂದರ್ಧ ಗಂಟೆ ನಿಂತು ನೋಡಬೇಕು. ನಮ್ಮ ಕಡೆ ಭತ್ತದ ಚೀಲ ಅಂದರೆ ಸಾಮಾನ್ಯವಾಗಿ 75 ಕೆ.ಜಿ. ಒಬ್ಬ ಕೊಕ್ಕೆ ಹಾಕಿ ಎಳೆಯುತ್ತಾನೆ, ಇಬ್ಬರು ಎತ್ತಿ ಮೂರನೆಯವನ ಬೆನ್ನಿಗೆ ಕೊಡುತ್ತಾರೆ, ಅವನು ಹಲಗೆ ಮೇಲಿಂದ ಓಡುನಡಿಗೆಯಲ್ಲಿ ಇಳಿದು ಗೋದಾಮಿನಲ್ಲಿ ಒಟ್ಟುತ್ತಾನೆ. ಚೀಲದ ಲೆಕ್ಕ ಬರೆಯುವವನು ನೆರಳಲ್ಲಿ ಕೂತಿರುತ್ತಾನೆ. ಹೊರುವವರ ಕಡೆಯಿಂದ ಆ ಲೆಕ್ಕ ನೋಡುವುದು ಯಾರು, ಹಮಾಲಿ ದರ ಕುದುರಿಸಲು ಹೋಗುವುದು ಯಾರು ಎಂಬುದನ್ನು ಸಂಘದ ನಿಯಮಾವಳಿ, ಅಂದರೆ ಬೈಲಾ, ತೀರ್ಮಾನಿಸುತ್ತದೆ.

2011ರ ಜನಗಣತಿಯಲ್ಲಿ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರು ನೂರಕ್ಕೆ 18ರಷ್ಟಿದ್ದರು. ಇಡೀ ರಾಜ್ಯದಲ್ಲಿ ಇದು 7ರ ಆಸುಪಾಸು. ಇವರಲ್ಲಿ ಬಹುಪಾಲು ಬೇಡ, ನಾಯಕ, ವಾಲ್ಮೀಕಿ ಎಂದು ಕರೆಸಿಕೊಳ್ಳುವವರು. ಆದಿವಾಸಿ ಅಂದ ಕೂಡಲೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರೋ ನಾಗರಹೊಳೆಯ ಜೇನುಕುರುಬರೋ ನೆನಪಾಗುತ್ತಾರೆ. ಬಯಲುಸೀಮೆಯಲ್ಲಿ ಚೀಲ ಹೊರುವ ಬೇಡರು ನೆನಪಾಗುವುದಿಲ್ಲ. ಬೇಡ, ವಾಲ್ಮೀಕಿ ಎಂಬ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 1991ರಲ್ಲಿ. ಈಗ ಸಿರುಗುಪ್ಪ, ಬಳ್ಳಾರಿ ಗ್ರಾಮೀಣ, ಕಂಪ್ಲಿ, ಸಂಡೂರು ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು, ಬಳ್ಳಾರಿ ಲೋಕಸಭಾ ಕ್ಷೇತ್ರವೂ ಮೀಸಲು. ಗ್ರಾಮ ಪಂಚಾಯ್ತಿಯಲ್ಲೂ ಜನಸಂಖ್ಯೆಗೆ ತಕ್ಕಷ್ಟು ಸೀಟು ಉಂಟು.

ಕಾರ್ಮಿಕ ಸಂಘದ ಕಮಿಟಿಯಲ್ಲಿ ಮಾತ್ರ ಹಾಗಿಲ್ಲ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದು ಜಾರಿಯಾದದ್ದು 2025ರ ನವೆಂಬರ್ 21ರಂದು. ಅಸಂಘಟಿತ ವಲಯದ ಸಂಘದಲ್ಲಿ ಪದಾಧಿಕಾರಿಗಳ ಪೈಕಿ ಕನಿಷ್ಠ ಅರ್ಧದಷ್ಟು ಜನ ಆ ಕೆಲಸದಲ್ಲೇ ಇರಬೇಕು ಎನ್ನುತ್ತದೆ ಕಾನೂನು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ, ಬಳ್ಳಾರಿಯ ದೊಡ್ಡ ಜೀನ್ಸ್ ಘಟಕ ಅಂದುಕೊಳ್ಳಿ, ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಹೆಂಗಸರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ ಇರಬೇಕು. ಬುಡಕಟ್ಟಿನ ಮಾತು ಎಲ್ಲೂ ಇಲ್ಲ. ಹೊರುವ ಸಾಲಿನಲ್ಲಿ ಎಷ್ಟೇ ನಾಯಕರಿದ್ದು ಕಮಿಟಿಯಲ್ಲಿ ಒಬ್ಬರೂ ಇಲ್ಲದಿದ್ದರೂ ಕಾನೂನು ಅದನ್ನು ತಪ್ಪು ಅನ್ನುವುದಿಲ್ಲ.

ಹಾಗಂತ ಅಡ್ಡಿಯೂ ಇಲ್ಲ. ಪದಾಧಿಕಾರಿಗಳನ್ನು ಹೇಗೆ ಆರಿಸಬೇಕು, ನಿಯಮ ಹೇಗೆ ತಿದ್ದಬೇಕು ಎಂಬುದನ್ನು ಸಂಘವೇ ಬೈಲಾದಲ್ಲಿ ಬರೆದುಕೊಳ್ಳಬೇಕು. ಹಾಗಾಗಿ ಜಾಗ ಬೇಕಿದ್ದರೆ ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿ ಪಾಸು ಮಾಡಿ, ನಡಾವಳಿಯ ಪ್ರತಿಯೊಂದಿಗೆ ಕಾರ್ಮಿಕ ಸಂಘಗಳ ರಿಜಿಸ್ಟ್ರಾರ್‌ಗೆ ಕಳಿಸಬೇಕು. ಹಳೆ ಕಾಯ್ದೆಯಲ್ಲಿ ನೋಂದಾಯಿಸಿದ ಸಂಘಗಳು ತಮ್ಮ ಬೈಲಾ ಹೊಸ ಸಂಹಿತೆಗೆ ಹೊಂದುತ್ತದೆ ಎಂದು ಹೇಗೂ ಬರೆದುಕೊಡಬೇಕು. ಬೈಲಾ ಬಿಚ್ಚಿ ನೋಡಲು ಇದಕ್ಕಿಂತ ಒಳ್ಳೆ ಸಮಯ ಸಿಗಲಿಕ್ಕಿಲ್ಲ.

ಏನು ಬರೆಯಬೇಕು? ನ್ಯೂಜಿಲೆಂಡಿನ ಕಾರ್ಮಿಕ ಸಂಘಗಳ ಒಕ್ಕೂಟದಲ್ಲಿ ಮಾವೊರಿಗಳಿಗೆಂದೇ ಒಂದು ಉಪಾಧ್ಯಕ್ಷ ಸ್ಥಾನವಿದೆ, ಜೊತೆಗೆ ಮಾವೊರಿ ಕಾರ್ಮಿಕರದೇ ಒಂದು ವೇದಿಕೆಯೂ ಇದೆ. ಬೆನ್ನಿಗೆ ಆ ವೇದಿಕೆ ಇರುವುದರಿಂದ ಆ ಕುರ್ಚಿಗೆ ತೂಕ. ನಮ್ಮಲ್ಲಿ ಬರೀ ಉಪಾಧ್ಯಕ್ಷ ಸ್ಥಾನ ಕೊಟ್ಟರೆ ಅವರು ಮೇ ದಿನದಂದು ಹಾರ ಹಾಕಿಸಿಕೊಳ್ಳುವುದಕ್ಕೆ ಮಾತ್ರ ಆದಾರು. ನನ್ನನ್ನು ಕೇಳಿದರೆ ಎರಡು ಕೆಲಸಗಳನ್ನು ಬರೆಯಬೇಕು: ಬ್ಯಾಂಕ್ ಖಾತೆಗೆ ಜಂಟಿ ಸಹಿ, ಮತ್ತು ದರದ ಮಾತುಕತೆಗೆ ಹೋಗುವ ತಂಡದಲ್ಲಿ ಕಡ್ಡಾಯ ಸ್ಥಾನ.

ಇಲ್ಲೊಂದು ತೊಡಕು ಇದೆ, ಅದು ಸಿರುಗುಪ್ಪದವರಿಗೇ ಚೆನ್ನಾಗಿ ಗೊತ್ತು. ಗಡಿ ದಾಟಿದರೆ ಆದೋನಿ. ಇಲ್ಲಿನ ಬೇಡರಿಗೂ ಅಲ್ಲಿನ ಬೋಯರಿಗೂ ಹೆಣ್ಣು ಕೊಟ್ಟು ತರುವ ನಂಟು. ಆದರೆ ಕರ್ನಾಟಕದಲ್ಲಿ ಇವರು ಪರಿಶಿಷ್ಟ ಪಂಗಡ. ಆಂಧ್ರದ ಬಯಲು ಜಿಲ್ಲೆಗಳಲ್ಲಿ ಅವರು ಹಿಂದುಳಿದ ವರ್ಗ. ಪಟ್ಟಿಗೆ ಸೇರಿಸಿ ಎಂದು ಆಂಧ್ರ ವಿಧಾನಸಭೆ 2017ರಲ್ಲೂ 2023ರಲ್ಲೂ ನಿರ್ಣಯ ಮಾಡಿತು. ಪಂಗಡದ ಸ್ಥಾನಮಾನ ರಾಜ್ಯ ದಾಟಿ ಬರುವುದಿಲ್ಲವಾದ್ದರಿಂದ ಆದೋನಿ ಕಡೆಯಿಂದ ಬಂದು ಇಲ್ಲಿ ಚೀಲ ಹೊರುವ ಅಳಿಯನಿಗೆ ನಾಡಕಚೇರಿಯಲ್ಲಿ ಆ ಪ್ರಮಾಣಪತ್ರ ಸಿಗದು, ಮಾವನಿಗೆ ಸಿಗುತ್ತದೆ. ಬೈಲಾದಲ್ಲಿ ‘ಪ್ರಮಾಣಪತ್ರ ಉಳ್ಳವರು’ ಎಂದು ಬರೆದರೆ ಅಳಿಯ ಹೊರಗೆ. ‘ನಾಯಕ, ವಾಲ್ಮೀಕಿ, ಬೋಯ ಸಮುದಾಯದ ಸದಸ್ಯರು’ ಎಂದು ಬರೆದರೆ ಇಬ್ಬರೂ ಒಳಗೆ. ಸರ್ಕಾರದ ಮೀಸಲಾತಿಗೆ ಪ್ರಮಾಣಪತ್ರ ಬೇಕು. ತನ್ನ ಕಮಿಟಿಯಲ್ಲಿ ಯಾರನ್ನು ಕೂರಿಸಬೇಕು ಎಂದು ಹೇಳಲು ಸಂಘಕ್ಕೆ ತಹಶೀಲ್ದಾರರ ಮೊಹರು ಬೇಕಿಲ್ಲ.

ಇನ್ನು ಆಚಾರ ವಿಚಾರ. ಇದು ಊಟದ ಎಲೆಯಿಂದಲೇ ಶುರುವಾಗುತ್ತದೆ. ಕೂಡ್ಲಿಗಿ, ಮೊಳಕಾಲ್ಮುರು ಕಡೆಯ ಮ್ಯಾಸಬೇಡರು ಸಂಪ್ರದಾಯದಂತೆ ಕೋಳಿ ತಿನ್ನುವುದಿಲ್ಲ, ಹಟ್ಟಿಯೊಳಗೆ ಕೋಳಿ ಬಿಟ್ಟುಕೊಳ್ಳುವುದೂ ಇಲ್ಲ. ಕುರಿ, ಮೇಕೆ ಆಗುತ್ತದೆ. ಮೇ ದಿನಕ್ಕೆ ಸಂಘ ಚಿಕನ್ ಬಿರಿಯಾನಿ ಮಾಡಿಸಿದರೆ ಅಂಥವರು ಬರೀ ಮೊಸರು ಬಜ್ಜಿ ಬಡಿಸಿಕೊಂಡು ಎದ್ದು ಹೋಗುತ್ತಾರೆ. ಜಗಳ ಮಾಡುವುದಿಲ್ಲ. ಮುಂದಿನ ವರ್ಷ ಊಟಕ್ಕೆ ಬರುವುದಿಲ್ಲ, ಅಷ್ಟೇ.

ರಜೆಯ ವಿಷಯದಲ್ಲಿ ಕಾನೂನೇ ನೆರವಿಗಿದೆ. ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ಕರ್ನಾಟಕದ 1963ರ ಕಾಯ್ದೆಯೊಂದಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಖಾಯಂ. ಇವುಗಳ ಮೇಲೆ ಇನ್ನೂ ಐದು ಹಬ್ಬದ ರಜೆ; ಯಾವ ಹಬ್ಬ ಎಂಬುದಕ್ಕೆ ಮಾತುಕತೆಯ ಅವಕಾಶವಿದೆ. ಸೀಗಿ ಹುಣ್ಣಿಮೆಯ ವಾಲ್ಮೀಕಿ ಜಯಂತಿ, ಬಳ್ಳಾರಿಯ ಕನಕದುರ್ಗಮ್ಮನ ಸಿಡಿಬಂಡಿ, ಕುರುಗೋಡಿನ ದೊಡ್ಡಬಸವೇಶ್ವರನ ತೇರು: ಯಾವುದು ಪಟ್ಟಿಗೆ ಬರಬೇಕೆಂದು ಆ ಮೇಜಿನ ಮುಂದೆ ಹೇಳುವವರು ಇರಬೇಕು. ಚೀಲದ ಲೆಕ್ಕದಲ್ಲಿ ದುಡಿಯುವ ಹಮಾಲನಿಗೆ ಈ ಭಾಗ್ಯವಿಲ್ಲ, ರಜೆಯೆಂದರೆ ಕೂಲಿ ಖೋತಾ. ಅವನ ಸಂಘ ಮಾಡಬಹುದಾದದ್ದು ಬೇರೆ. “ಸಿಡಿಬಂಡಿ ಮಂಗಳವಾರ ಐತ್ರಿ ಸಾವ್ಕಾರ್ರೆ, ಲಾರಿ ಬುಧವಾರ ಕರಸ್ರಿ” ಎಂದು ಮೊದಲೇ ಹೇಳಿ ಬರುವುದು.

ಸಂಸ್ಕೃತಿಯನ್ನು ಸಂಘದ ಒಳಗೇ ತಂದು ಗೆದ್ದವರ ಉದಾಹರಣೆ ಬೇಕೆಂದರೆ ಛತ್ತೀಸಗಢದ ದಲ್ಲಿ ರಾಜಹರಾ ನೋಡಬೇಕು. ಸಂಡೂರಿನಂತೆ ಅದೂ ಕಬ್ಬಿಣದ ಅದಿರಿನ ಊರು. 1977ರಲ್ಲಿ ಶಂಕರ ಗುಹಾ ನಿಯೋಗಿ ಅಲ್ಲಿ ಗಣಿ ಕೂಲಿಗಳ ಸಂಘ ಕಟ್ಟಿದರು. 1857ರಲ್ಲಿ ಬ್ರಿಟಿಷರು ರಾಯಪುರದಲ್ಲಿ ನೇಣಿಗೇರಿಸಿದ್ದ ಆದಿವಾಸಿ ವೀರ ನಾರಾಯಣ ಸಿಂಗ್‌ನ ಹೆಸರನ್ನು ಸಂಘ ತನ್ನದಾಗಿಸಿಕೊಂಡಿತು, ಅವನ ದಿನ ಆಚರಿಸಿತು. ಕಾರ್ಮಿಕರ ಚಂದಾದಿಂದಲೇ 1983ರಲ್ಲಿ ಶಹೀದ್ ಆಸ್ಪತ್ರೆ ತೆರೆಯಿತು. ನಿಯೋಗಿಯವರ ಕೊಲೆಯಾದದ್ದು 1991ರ ಸೆಪ್ಟೆಂಬರ್ 28ರಂದು, ಆಸ್ಪತ್ರೆ ಉಳಿಯಿತು. ಅದೇ 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ಬಂಡೆದ್ದ ಹಲಗಲಿಯ ಬೇಡರು ನಮಗೂ ಇದ್ದಾರೆ. ಸಂಘದ ಗೋಡೆಯ ಮೇಲೆ ಮಾರ್ಕ್ಸ್, ಅಂಬೇಡ್ಕರ್ ಪಕ್ಕದಲ್ಲಿ ಅವರಿಗೂ ಒಂದು ಮೊಳೆ ಹೊಡೆಯಬಹುದು.

ಸಭೆ ಕರೆಯುವ ಹೊತ್ತೂ ಮುಖ್ಯ. ಭತ್ತದ ಸುಗ್ಗಿಯಲ್ಲಿ ಕರೆದರೆ ಹೊರುವವರೆಲ್ಲ ಲಾರಿ ಮೇಲಿರುತ್ತಾರೆ, ಕೈ ಎತ್ತಲು ನೆರಳಿನವರಷ್ಟೇ ಉಳಿಯುತ್ತಾರೆ. ಲಾರಿ ಕಡಿಮೆ ಇರುವ ವಾರ ನೋಡಿ, ಗಿರಣಿಯ ಮಶೀನು ನಿಂತ ಮೇಲೆ ಕೂತು, ತಿದ್ದುಪಡಿಯನ್ನು ಕನ್ನಡದಲ್ಲಿ ಒಮ್ಮೆ, ಆದೋನಿಯ ಅಳಿಯಂದಿರಿಗಾಗಿ ತೆಲುಗಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಬೇಕು, ಹೆಬ್ಬೆಟ್ಟಿನ ಶಾಯಿ ಡಬ್ಬಿ ಮುಂದೆ ಇಡುವ ಮೊದಲು.