ಮಲಿದಾ ತಟ್ಟೆಯಲ್ಲಿ ನಮ್ಮೂರ ಅವಲಕ್ಕಿ
ವಡೋದರಾದ ಆಲ್ಕಾಪುರಿಯಲ್ಲಿ ನಮ್ಮ ಆಫೀಸು. ಹಿರಿಯ ಸಹೋದ್ಯೋಗಿಯೊಬ್ಬರು ಬೆನೆ ಇಸ್ರೇಲ್ ಯಹೂದಿ. ಮಗನ ಆಪರೇಷನ್ ಸುಸೂತ್ರವಾಗಿ ಮುಗಿದಾಗ ಹರಕೆಯ ‘ಮಲಿದಾ’ ಮಾಡಿ ನನ್ನನ್ನೂ ಕರೆದರು. ಪ್ರವಾದಿ ಎಲೀಯನ ಹೆಸರಿನಲ್ಲಿ ಹೀಬ್ರೂ ಪ್ರಾರ್ಥನೆ. ತಟ್ಟೆಯಲ್ಲಿ ಏನಿತ್ತು ಗೊತ್ತೇ? ಅವಲಕ್ಕಿ, ಬೆಲ್ಲ, ಕಾಯಿತುರಿ, ಹಣ್ಣು. ಹೆಚ್ಚುಕಮ್ಮಿ ನಮ್ಮ ಪಂಚಕಜ್ಜಾಯವೇ! ಅಮ್ಮ ತೀರಿಕೊಂಡ ಮೇಲೆ ಪೂಜೆ, ಹರಕೆ ಎಲ್ಲ ಬಿಟ್ಟಿದ್ದ ನಾನು ಅಂದು ಕೈಯೊಡ್ಡಿದೆ.

ಗುಜರಾತಿನಲ್ಲಿರುವುದು ಒಂದೇ ಸಿನಗಾಗ್: ಅಹಮದಾಬಾದಿನ ಖಮಾಸಾದಲ್ಲಿ 1934ರಲ್ಲಿ ಕಟ್ಟಿದ ಮಾಗೆನ್ ಅಬ್ರಹಾಂ. ಎದುರಿಗೆ ಪಾರ್ಸಿಗಳ ಅಗ್ಯಾರಿ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಸೇರಬೇಕು. ಅನೇಕರು ಇಸ್ರೇಲಿಗೆ ಹೋಗಿರುವುದರಿಂದ ಒಮ್ಮೊಮ್ಮೆ ಅದೂ ಕಷ್ಟವಂತೆ. ‘ಆಗ ಏನು ಮಾಡುತ್ತೀರಿ?’ ಎಂದೆ. ‘ಕಾಯುತ್ತೇವೆ’ ಎಂದರು.

ಈ ಅಷ್ಟಮಿಗೆ ಅವರನ್ನು ಮನೆಗೆ ಕರೆದಿದ್ದೇನೆ. ಅವಲಕ್ಕಿಯನ್ನು ಊರಿನಿಂದಲೇ ತರಿಸಬೇಕು.