ಸಾವಿರಕ್ಕೆ ಎಷ್ಟು ಮಜೂರಿ?

ಕಳೆದ ತಿಂಗಳು ಅಮೆರಿಕಕ್ಕೆ ಹೋಗಿ ಬಂದ ನಮ್ಮ ಮ್ಯಾನೇಜರ್ ತಂಡದವರಿಗೆಲ್ಲ ಚಾಕೊಲೇಟ್ ಹಂಚಿದರು. ಪ್ರಾಜೆಕ್ಟ್ ಸಮಯಕ್ಕೆ ಸರಿಯಾಗಿ ಮುಗಿಸಿದ್ದಕ್ಕೆ ನನಗೆ ಮಾತ್ರ ಒಂದು ಸಿಗಾರ್ ಕೊಟ್ಟರು. ನಾನು ಸೇದುವವನಲ್ಲ. ಆದರೂ ಬೇಡ ಎನ್ನಲು ಸಂಕೋಚವಾಯಿತು.

"ಇದು ಮಾಮೂಲಿ ಸಿಗಾರ್ ಅಲ್ಲ. ಒಂದೇ ಕುಟುಂಬದವರ ಕಂಪನಿ. ಪ್ರತಿಯೊಂದಕ್ಕೂ ಬೇರೆ ಬೇರೆ ನಂಬರ್. ಪೂರ್ತಿ ಕೈಯಲ್ಲೇ ಸುತ್ತುತ್ತಾರೆ. ಹೀಗೆ ಸುತ್ತುವುದನ್ನು ಎಲ್ಲಾದರೂ ನೋಡಿದ್ದೀರಾ?" ಎಂದು ಕೇಳಿದರು.

"ಇಲ್ಲ" ಎಂದೆ.

ಅದು ಸುಳ್ಳು. ಬಂಟ್ವಾಳ ತಾಲ್ಲೂಕಿನ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ಬೀಡಿ ಕಟ್ಟುವುದನ್ನು ನೋಡುತ್ತಲೇ ನಾನು ದೊಡ್ಡವನಾದವನು. ನಮ್ಮ ಕಡೆ ತಡ್ಪೆ ಎನ್ನುವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ನೀರಲ್ಲಿ ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪಿನ ಹುಡಿ ಹಾಕಿ ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಬಿಗಿಯುವಳು. 25 ಬೀಡಿಗೆ ಒಂದು ಕಟ್ಟು. ದಿನಕ್ಕೆ ಸುಮಾರು 800 ಬೀಡಿ. ಬ್ರಾಂಚಿನಲ್ಲಿ ಚೆಕ್ಕರ್ ಸರಿಯಿಲ್ಲವೆಂದು ಮುರಿದು ಹಾಕಿದ ಬೀಡಿಗೆ ಕಾಸಿಲ್ಲ. ನನ್ನ ಪುಸ್ತಕ, ಸಮವಸ್ತ್ರ, ಬಸ್ ಪಾಸ್ ಎಲ್ಲ ಬಂದದ್ದು ಆ ತಡ್ಪೆಯಿಂದ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರಕಾರ ಕೊಡುವ ವಿದ್ಯಾರ್ಥಿವೇತನದ ಅರ್ಜಿಯನ್ನು ಕಾಲೇಜಿನಲ್ಲಿ ಗೆಳೆಯರ ಕಣ್ಣು ತಪ್ಪಿಸಿ ತುಂಬುತ್ತಿದ್ದೆ. ಎಂ.ಟೆಕ್ ಮುಗಿಸಿ ಹತ್ತು ವರ್ಷವಾದರೂ ಆ ಅಭ್ಯಾಸ ಬಿಟ್ಟಿಲ್ಲ ಎಂದು ಅಂದು ಗೊತ್ತಾಯಿತು.

ರಾತ್ರಿ ಗ್ರಾಂಟ್ ರೋಡಿನ ಬಾಡಿಗೆ ಕೋಣೆಯಲ್ಲಿ ಕುಳಿತು ಸಿಗಾರಿನ ಹಿನ್ನೆಲೆ ಓದಿದೆ. ಅದು ಪಡ್ರೋನ್ ಕುಟುಂಬದ್ದು. ಕ್ಯೂಬಾ ಬಿಟ್ಟು ಬಂದ ಹೋಸೆ ಒರ್ಲಾಂಡೊ ಪಡ್ರೋನ್ ಬಡಗಿ ಕೆಲಸ ಮಾಡಿ ಕೂಡಿಟ್ಟ ದುಡ್ಡಿನಲ್ಲಿ 1964ರಲ್ಲಿ ಮಯಾಮಿಯಲ್ಲಿ ಶುರು ಮಾಡಿದ್ದು. ಆಗ ಕೈಗೆ ಬಂದಿದ್ದ ಸಣ್ಣ ಸುತ್ತಿಗೆಯೇ ಇಂದಿಗೂ ಆ ಮನೆಯ ಗುರುತು. 30 ವರ್ಷ ತುಂಬಿದಾಗ, 1994ರಲ್ಲಿ, ಹೊರತಂದ ವಿಶೇಷ ಸಿಗಾರಿಗೆ ನಕಲಿ ತಡೆಯಲು ಒಂದೊಂದಕ್ಕೂ ನಂಬರ್ ಹಾಕಿದರು. ಈಗ ಎಲೆ ಬೆಳೆಯುವುದು, ಸುತ್ತುವುದು ನಿಕರಾಗುವಾದಲ್ಲಿ.

ನಮ್ಮಲ್ಲೂ ಇಂಥ ಹೆಸರುಗಳಿವೆ. ಮಂಗಳೂರು ಗಣೇಶ್ ಬೀಡಿ ಪಾಲುದಾರಿಕೆ ಸಂಸ್ಥೆ 1987ರಲ್ಲಿ ವಿಸರ್ಜನೆಯಾಗಿ, 1994ರಲ್ಲಿ ಪಾಲುದಾರರ ನಡುವೆಯೇ ಹರಾಜಾದಾಗ ಗೆದ್ದ ಬಿಡ್ 92 ಕೋಟಿ ರೂಪಾಯಿ. ಅದರ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಟ್ರೇಡ್‌ಮಾರ್ಕ್ ಕೂಡ ಯಂತ್ರೋಪಕರಣದ ಹಾಗೆ ಸವಕಳಿ ಲೆಕ್ಕಕ್ಕೆ ಸಿಗುವ ಆಸ್ತಿ ಎಂದು 2015ರಲ್ಲಿ ತೀರ್ಪು ಬಂತು. ಹೆಸರಿಗೆ ಅಷ್ಟು ಬೆಲೆ. ಇನ್ನು ಕಟ್ಟಿದ ಕೈಗೆ? ನಮ್ಮ ಕಾನೂನು ಬೀಡಿ, ಸಿಗಾರ್ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. 2025ರವರೆಗೆ ಜಾರಿಯಲ್ಲಿದ್ದ 1966ರ ಕಾಯ್ದೆಯ ಹೆಸರೇ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಎಂದಿತ್ತು. ಮನೆಯಲ್ಲಿ ಕೂತು ಕಟ್ಟುವವರೂ ಅದರ ಲೆಕ್ಕಕ್ಕೆ ಕಾರ್ಮಿಕರೇ ಆಗಿದ್ದರು. ಅಮ್ಮನಿಗೂ ಪಿ.ಎಫ್. ಉಂಟು. ಅವಳ ದುಡಿಮೆಯ ಪಕ್ಕದಲ್ಲಿ ಅವಳದೇ ನಂಬರ್ ಇರುವ ಒಂದೇ ಜಾಗ ಅದು.

ಬೀಡಿಯನ್ನಾಗಲಿ ಸಿಗಾರನ್ನಾಗಲಿ ಹೊಗಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಸೇದುವವರ ಶ್ವಾಸಕೋಶ ಎರಡರಿಂದಲೂ ಕೆಡುತ್ತದೆ. ಹುಡಿ ಕುಡಿದು ಕುಡಿದು ಅಮ್ಮನಿಗೂ ಕೆಮ್ಮು, ಬಗ್ಗಿ ಕೂತು ಕುತ್ತಿಗೆ ನೋವು. "ಸಾಕು ಬಿಡಮ್ಮ, ನಾನು ಕಳಿಸುತ್ತೇನಲ್ಲ" ಎಂದರೆ, "ನಿನ್ನ ದುಡ್ಡು ನಿನ್ನದು ಮಗಾ, ಬೀಡಿದು ನನ್ನದು" ಎನ್ನುತ್ತಾಳೆ. ಈ ಮಾತಿಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.

ಆ ರಾತ್ರಿಯೇ ವಿಡಿಯೋ ಕಾಲ್‌ನಲ್ಲಿ ಅವಳಿಗೆ ಸಿಗಾರ್ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದಳು.

"ನೂಲು ಎಲ್ಲಿ?"

"ನೂಲಿಲ್ಲ. ಹೊರಗಿನ ಎಲೆಯನ್ನು ಅಂಟಿನಲ್ಲಿ ಕೂರಿಸುತ್ತಾರಂತೆ."

"ಬಾಯಿ ಚಂದ ಮಡಚಿದ್ದಾರೆ. ಒಳ್ಳೆ ಕೈ." ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಸಾವಿರಕ್ಕೆ ಎಷ್ಟು ಮಜೂರಿ ಅಂತೆ?"

ಸಿಗಾರಿನ ಬಗ್ಗೆ ಅಷ್ಟೆಲ್ಲ ಓದಿದ ನನಗೆ ಅದನ್ನು ಹುಡುಕಬೇಕು ಎಂದೇ ತೋಚಿರಲಿಲ್ಲ. ಆ ನಂಬರ್ ಸಿಗಾರಿನದು, ಸುತ್ತಿದವರದ್ದಲ್ಲ ಎಂಬುದೂ ಆಗಲೇ ಹೊಳೆದದ್ದು.

ಮರುದಿನ ಸ್ಟೇಷನ್ನಿನ ಹೊರಗಿನ ಪಾನ್ ಅಂಗಡಿಯಲ್ಲಿ ಒಂದು ಕಟ್ಟು ಬೀಡಿ ಕೊಂಡೆ. ಲೇಬಲ್ಲಿನ ಮೇಲೆ ಕಂಪನಿಯ ಹೆಸರಿತ್ತು, ಎಚ್ಚರಿಕೆಯ ಚಿತ್ರವಿತ್ತು. ಬಿಚ್ಚಿ ಎಣಿಸಿದೆ, 25. ಒಂದೊಂದರ ಬಾಯಿಯೂ ಸಮವಾಗಿ ಮಡಚಿತ್ತು. ಯಾವ ಊರಿನ ಯಾವ ಜಗಲಿಯಲ್ಲಿ ಕಟ್ಟಿದ್ದೋ, ಯಾರ ಮಗನ ಫೀಸಿಗೋ.

ಸಿಗಾರ್ ಮತ್ತು ಆ ಕಟ್ಟು ಎರಡನ್ನೂ ಆಫೀಸಿಗೆ ಒಯ್ದು ಮ್ಯಾನೇಜರ್ ಮೇಜಿನ ಮೇಲಿಟ್ಟೆ.

"ಮೊನ್ನೆ ಸುಳ್ಳು ಹೇಳಿದೆ ಸರ್. ಕೈಯಲ್ಲಿ ಸುತ್ತುವುದನ್ನು ನೋಡಿದ್ದೇನೆ. ನಮ್ಮ ಅಮ್ಮ ಬೀಡಿ ಕಟ್ಟುತ್ತಾರೆ."

ಅವರು ಒಂದು ಬೀಡಿ ಎತ್ತಿ ತಿರುಗಿಸಿ ನೋಡಿದರು. "ದಿನಕ್ಕೆ ಎಷ್ಟು ಕಟ್ಟುತ್ತಾರೆ?" ಎಂದು ಕೇಳಿದರು. ಕುರ್ಚಿ ಎಳೆದುಕೊಂಡು ಕುಳಿತು, ಎಲೆ ನೆನೆಸುವಲ್ಲಿಂದ ಹೇಳತೊಡಗಿದೆ.